ಬೆಳಗಿದ ರುಪಿಯಾ

ಗೋವಾದ ಮಡಗಾಂವದ ಮೋತಿ ಡೊಂಗರ್ ಗುಡ್ಡದ ಓಣಿಯಲ್ಲಿ ನಮ್ಮ ಪಕ್ಕದ ಮನೆಯ ಟ್ರಕ್ ಡ್ರೈವರ್, ವಿಜಾಪುರದ ಕಡೆಯವರು, ಹಳೆಯ ಪೋರ್ತುಗೀಸ್ ನಾಣ್ಯ ಕೂಡಿಸುತ್ತಿದ್ದರು. ಆಲ್ಬಮ್ ತೆರೆಯುವ ಮೊದಲು ಸೋಪು ಹಚ್ಚಿ ಕೈ ತೊಳೆದು, ಒಣಗುವವರೆಗೆ ಬೆರಳು ಅಗಲಿಸಿ ಕೂರುವರು. ನಾಣ್ಯ ಜಾರಿದರೆ ಪೆಟ್ಟಾಗದಿರಲೆಂದು ತೊಡೆಯ ಮೇಲೊಂದು ಮಡಿಸಿದ ಟವೆಲ್. ನಾವು ಕೈ ಚಾಚಿದರೆ, "ನಾಣ್ಯದ ಮುಖಕ್ಕ ಕೈ ಹಚ್ಚಬ್ಯಾಡ್ರಿ, ಅಂಚು ಹಿಡೀರಿ," ಎನ್ನುವರು.

ಒಂದು ರಮಜಾನ್ ಹಬ್ಬದ ಮುನ್ನಾದಿನ ಅವರ ಹೆಂಡತಿ ಹಿತ್ತಾಳೆ ಪಾತ್ರೆಗಳ ಜೊತೆಗೆ, ತಿಕ್ಕಿದರೆ ಬೆಲೆ ಹೋಗುತ್ತದೆಂದು ಗಂಡ ಎಂದೂ ಮುಟ್ಟಗೊಡದೆ ಕಾಪಾಡಿದ್ದ ಕಪ್ಪುಗಟ್ಟಿದ ಬೆಳ್ಳಿ ರುಪಿಯಾವನ್ನೂ ಹುಣಸೆಹಣ್ಣು, ಬೂದಿ ಹಾಕಿ ಬೆಳಗಿಬಿಟ್ಟರು.

"ಹಬ್ಬಕ್ಕ ಬಂದವರಿಗೆ ಚಲೋ ಕಾಣ್ಲಿ ಅಂತ ಬೆಳಗೇನ್ರಿ," ಎಂದು ನಗುತ್ತ ಗಂಡನ ಕೈಗೆ ಕೊಟ್ಟರು.

ಡ್ರೈವರ್ ಅಂಚು ಹಿಡಿದು ಬೆಳಕಿಗೆ ತಿರುಗಿಸಿದರು. ನಾಣ್ಯದ ಮೇಲಿನ ರಾಜನ ಮುಖದ ತುಂಬ ಗೀರು. "ಭಾಳ ಚಲೋ ಹೊಳ್ಯಾಕತ್ತೈತಿ," ಎಂದು ಆಲ್ಬಮ್ಮಿನ ಮೊದಲ ಪುಟಕ್ಕೆ ಸೇರಿಸಿದರು.

ಮರುದಿನ ಹಬ್ಬದ ಶಾವಿಗೆ ಪಾಯಸ ಸುರಕುಂಬಾ ಕುಡಿಯಲು ಹೋದಾಗ ಆ ರುಪಿಯಾವನ್ನೇ ತೆಗೆದು ನನ್ನತ್ತ ಚಾಚಿದರು. ರೂಢಿಯಂತೆ ನಾನು ಅಂಚಿಗೆ ಕೈ ಹಾಕಿದೆ.

"ಇದನ್ನ ಹೆಂಗರ ಹಿಡೀರಿ," ಎಂದರು. "ಇದು ನಮ್ಮ ಮನ್ಯಾಗಿನವರು ಬೆಳಗಿದ್ದು."