ಟ್ಯಾಬಿನೊಳಗಿನ ಬೆಲ್ಲ

ಮೂಡಲಗಿಯ ಒಂದು ಲಾರಿ ಬೆಲ್ಲ, ಹುಕ್ಕೇರಿಯ ಒಬ್ಬ ದೊಡ್ಡ ಗಿರಾಕಿ; ಕೂಡಿಬಂದರೆ ನನಗೆ ನಲವತ್ತು ಸಾವಿರ ಉಳಿಯುವ ವ್ಯವಹಾರ. ಬೆಲ್ಲದ ಫೋಟೊಗಳೆಲ್ಲ ಹೊಸ ಟ್ಯಾಬಿನಲ್ಲಿದ್ದವು. ಹಿಂದಿನ ದಿನ ಗೋಕಾಕದ ಮನೆಯಲ್ಲಿ ಪೂರ್ತಿ ಚಾರ್ಜ್ ಮಾಡಿ ಚೀಲದಲ್ಲಿಟ್ಟವನು ಮತ್ತೆ ಮುಟ್ಟಿಯೂ ಇರಲಿಲ್ಲ. ಹುಕ್ಕೇರಿಯ ಆ ಗಿರಾಕಿಯ ಅಂಗಡಿಯಲ್ಲಿ ತೆಗೆದರೆ ಸತ್ತು ಬಿದ್ದಿತ್ತು. ದುಡಿದು ದಣಿಯುವ ಆಳುಗಳನ್ನು ಕಂಡಿದ್ದೇನೆ. ಮಲಗಿ ಮಲಗಿಯೇ ದಣಿಯುವ ಆಳನ್ನು ರೊಕ್ಕ ಕೊಟ್ಟು ತಂದವನು ನಾನೊಬ್ಬನೇ ಇರಬೇಕು.

ಅಂಗಡಿ ಸಾಹುಕಾರರ ಪ್ಲಗ್ಗಿಗೇ ಸಿಕ್ಕಿಸಿದೆ. ಅದು ಎಚ್ಚರಗೊಂಡಿತು, ಆದರೆ ಫೋಟೊ ತೋರಿಸುವ ಬದಲು ಗಿರಗಿರ ಚಕ್ರ ತಿರುಗಿಸುತ್ತ ಕೂತಿತು. ಅಷ್ಟರಲ್ಲಿ ಸಾಹುಕಾರರು ವಾಡಿಕೆಯಂತೆ ನನ್ನ ಮುಂದೆ ಬೆಲ್ಲ, ನೀರು ಇಟ್ಟರು.

"ತೊಗೊಳ್ರಿ. ನಮ್ಮ ಬೆಲ್ಲ ಬಾಯಾಗ ಇಡಾಕರ ಬರತೈತಿ. ನಿಮ್ಮದರ ರುಚಿ ನೋಡಾಕ ಈ ಗಾಜು ನೆಕ್ಕಬೇಕೇನ್ರಿ?"

ಎದ್ದು ಹೋಗಿ, ಮನೆಗೆಂದು ಕಾರಿನಲ್ಲಿಟ್ಟಿದ್ದ ಅದೇ ಮೂಡಲಗಿ ಬೆಲ್ಲದ ಒಂದು ಗಟ್ಟಿ ಪೆಂಟಿ ತಂದು ಅವರೆದುರು ಒಡೆದೆ. ಒಂದು ಚೂರು ಬಾಯಿಗೆ ಹಾಕಿಕೊಂಡು ಚಪ್ಪರಿಸಿದರು.

"ಇದನ್ನ ಮೊದಲ ತರಾಕ ಏನಾಗಿತ್ರಿ ನಿಮಗ?"

ಸೌದಾ ಮುಗಿಯಿತು.

ಒಟ್ಟು ಗಳಿಕೆ ಇಷ್ಟು: ನನಗೆ ನಲವತ್ತು ಸಾವಿರ, ಟ್ಯಾಬಿಗೆ ಸಾಹುಕಾರರ ಕರೆಂಟಿನಲ್ಲಿ ಒಂಬತ್ತು ಪರ್ಸೆಂಟ್. ಗೋಕಾಕ ಮುಟ್ಟುವಷ್ಟರಲ್ಲಿ ಅದು ತನ್ನ ಪಾಲನ್ನು ಮಲಗಿಕೊಂಡೇ ತಿಂದು ತೇಗಿತ್ತು.