ಹತ್ತೊಂಬತ್ತನೆಯ ದಿನದ ಸಾಕ್ಷಿ

ಎಂಬತ್ತಾರನೆಯ ಇಸವಿಯಲ್ಲಿ ದೇವದಾಸನಿಗೆ ಐವತ್ತೆರಡು ವರ್ಷ. ಹುಟ್ಟಿದ್ದು ಮಂಗಳೂರಿನಲ್ಲಿ, ಮೂರು ತಲೆಮಾರಿನಿಂದ ಪ್ರಾಟೆಸ್ಟಂಟರಾದ ಮನೆತನ. ಈಗ ಅಮೆರಿಕದಲ್ಲಿ, ಮಿಲ್ಪಿಟಾಸಿನ ಎಲೆಕ್ಟ್ರಾನಿಕ್ಸ್ ಕಂಪನಿಯೊಂದರಲ್ಲಿ ಟೆಕ್ನಿಶಿಯನ್. ಒಳ್ಳೆಯ ಮನುಷ್ಯನೇ. ಆದರೆ ಸುಮ್ಮನೆ ಕೂರುವುದು ಮಾತ್ರ ಅವನ ಜಾಯಮಾನದಲ್ಲಿರಲಿಲ್ಲ. ಕಣ್ಣು ಬಿಟ್ಟರೆ ಕಾಫಿ, ಕಾಫಿಯ ಬೆನ್ನಿಗೇ ಸಿಗರೇಟು, ಕಾರು ಹತ್ತಿದರೆ ರೇಡಿಯೋ, ಮನೆಗೆ ಬಂದರೆ ಟಿವಿ. ಸಿಗರೇಟಂತೂ ದಿನಕ್ಕೆ ಎರಡು ಪ್ಯಾಕು. ಹೆಂಡತಿ ಆಶಾಲತಾ ಹೇಳಿ ಹೇಳಿ ಸೋತಳು, ಡಾಕ್ಟರು ಎದೆಯ ಎಕ್ಸ್‌ರೇ ಹಿಡಿದು ತೋರಿಸಿ ಸೋತರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಆ ವರ್ಷ ಈಸ್ಟರಿಗೆ ಮುಂಚಿನ ನಲವತ್ತು ದಿನ ಬಂದಾಗ ಅವನು ಹಾಸಿಗೆಯ ಪಕ್ಕ ಮೊಣಕಾಲೂರಿ, ಇನ್ನು ಮುಟ್ಟುವುದಿಲ್ಲ ಎಂದು ದೇವರಿಗೆ ಮಾತು ಕೊಟ್ಟ. ಸುಳ್ಳು ಹೇಳಬಾರದು, ಮೂರು ವಾರ ಮಾತು ಉಳಿಸಿಕೊಂಡ. ಹಲ್ಲು ಕಚ್ಚಿಕೊಂಡು, ಹೆಂಡತಿಯ ಮೇಲೆ ರೇಗಿಕೊಂಡು, ಅಂತೂ ಉಳಿಸಿಕೊಂಡ.

ಹತ್ತೊಂಬತ್ತನೆಯ ದಿನ ಶನಿವಾರ. ತಿಂಗಳಿಗೊಮ್ಮೆ ಮೆನ್ಲೋ ಪಾರ್ಕಿನಲ್ಲಿ ನರ್ಸ್ ವಿನೋದಕ್ಕನ ಮನೆಯಲ್ಲಿ ಕನ್ನಡದವರ ಪ್ರಾರ್ಥನಾಕೂಟ ಸೇರುತ್ತಿತ್ತು. ಮೂರು ಹಾಡು, ಒಂದು ಪ್ರಾರ್ಥನೆ, ಆಮೇಲೆ ಸಾಕ್ಷಿಯ ಹೊತ್ತು. ದೇವರಿಂದ ಏನಾದರೂ ಉಪಕಾರ ಪಡೆದವರು ಎದ್ದು ನಿಂತು ಹೇಳಬೇಕು. ಯಾರಾದರೂ ಹೇಳಿದ ಮೇಲೆಯೇ ಕಾಫಿ. ಅಂದು ಯಾರೂ ಏಳಲಿಲ್ಲ. ಒಂದು ನಿಮಿಷವಾಯಿತು, ಎರಡಾಯಿತು. ಬೇರೆಯವರು ಕಣ್ಣು ಮುಚ್ಚಿ ಹಾಯಾಗಿ ಕುಳಿತಿದ್ದರು. ದೇವದಾಸನಿಗೆ ಮಾತ್ರ ಮುಳ್ಳಿನ ಮೇಲೆ ಕುಳಿತಂತಾಯಿತು. ಆ ಮೌನವನ್ನು ತಾಳಲಾರದೆ ಎದ್ದು ನಿಂತ.

“ಕರ್ತನು ನನ್ನನ್ನು ಸಿಗರೇಟಿನಿಂದ ಪೂರ್ತಿ ಬಿಡಿಸಿದ್ದಾನೆ. ಈಗ ಅದರ ಆಸೆಯೇ ಇಲ್ಲ,” ಎಂದ.

ಆಸೆಯೇ ಇಲ್ಲವಂತೆ. ಆ ಗಳಿಗೆಯಲ್ಲೂ ಅವನ ಎರಡು ಬೆರಳು ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದವು. ಜನ ಚಪ್ಪಾಳೆ ತಟ್ಟಿದರು, ವಿನೋದಕ್ಕ ಕಣ್ಣೊರೆಸಿಕೊಂಡಳು. ಇಪ್ಪತ್ತೆರಡನೆಯ ದಿನ ಕಂಪನಿಯ ಹಿಂದಿನ ಪಾರ್ಕಿಂಗ್ ಜಾಗದಲ್ಲಿ ದೇವದಾಸ ಮತ್ತೆ ಸೇದಿದ. ಅಲ್ಲಿಂದ ಶುರುವಾಯಿತು ಕಳ್ಳಾಟ. ಸೇದುವಾಗ ಹಾಕಿಕೊಳ್ಳಲು ಕಾರಿನ ಡಿಕ್ಕಿಯಲ್ಲೊಂದು ಹಳೆಯ ಜಾಕೆಟ್ಟು, ಬಾಯಿಗೆ ಏಲಕ್ಕಿ. ಭಾನುವಾರ ಚರ್ಚಿನಲ್ಲಿ ಹೆಂಗಸರು ತಮ್ಮ ಗಂಡಂದಿರಿಗೆ ಅವನನ್ನು ಬೊಟ್ಟು ಮಾಡಿ ತೋರಿಸುವಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಆ ಕೂಟದಲ್ಲಿ ಹಿಂದಿನ ಸಾಲಿನಲ್ಲಿ ಕೆಂಪರಾಜು ಕುಳಿತಿದ್ದ. ಮೈಸೂರು ಕಡೆಯವನು, ದೇವದಾಸನ ಕಂಪನಿಯಲ್ಲೇ ಕೆಲಸ. ಎರಡು ವರ್ಷದ ಹಿಂದಷ್ಟೇ ದೀಕ್ಷಾಸ್ನಾನ ಪಡೆದು ಕ್ರೈಸ್ತನಾಗಿದ್ದ. ಹದಿನಾಲ್ಕನೆಯ ವಯಸ್ಸಿಗೆ ಬೀಡಿ ಹಿಡಿದವನು, ಈಗ ಮೆಟ್ಟಿಲು ಹತ್ತಿದರೆ ಏದುಸಿರು. ಕೂಟದ ಮಾರನೆಯ ದಿನವೇ ಬಂದು, “ಹೆಂಗೆ ಬುಟ್ರಿ ದೇವದಾಸಣ್ಣ?” ಎಂದು ಕೇಳಿದ್ದ.

“ನಾನೆಂತ ಮಾಡಿದ್ದು ಮಾರಾಯ, ಎಲ್ಲ ಅವನ ಕೃಪೆ,” ಎಂದಿದ್ದ ದೇವದಾಸ.

ಈಸ್ಟರ್ ಕಳೆದು ಎರಡು ವಾರದ ಮೇಲೆ ದೇವದಾಸ ತಡೆಯಲಾರದೆ ಹೆಂಡತಿಯ ಎದುರು ಬಾಯಿ ಬಿಟ್ಟ. ಆಶಾಲತಾ ಬಟ್ಟೆ ಮಡಚುತ್ತಿದ್ದವಳು ತಲೆಯೆತ್ತಲಿಲ್ಲ.

“ನನಗೆ ಎಂತಕ್ಕೆ ಹೇಳ್ತೀರಿ? ಬಟ್ಟೆ ಒಗೆಯುವವಳಿಗೆ ಅದೆಲ್ಲ ಗೊತ್ತುಂಟು. ನಿಮ್ಮನ್ನು ನಂಬಿ ಕೂತವರು ಇದ್ದಾರಲ್ಲ, ಅವರಿಗೆ ಹೇಳಿ.”

ಭಾನುವಾರ ಮಧ್ಯಾಹ್ನ ದೇವದಾಸ ಕೆಂಪರಾಜುವಿನ ಅಪಾರ್ಟ್‌ಮೆಂಟಿಗೆ ಹೋದ. ಕೆಂಪರಾಜುವಿನ ಹೆಂಡತಿ ಗ್ರೋಸರಿಗೆ ಹೋಗಿದ್ದಳು. ಅವನು ಹೊರಗಿನ ಮೆಟ್ಟಿಲ ಮೇಲೆ ಒಬ್ಬನೇ ಕುಳಿತಿದ್ದ. ದೇವದಾಸನನ್ನು ಕಂಡದ್ದೇ ಮುಖ ಅರಳಿತು.

“ನಾನೇ ಬರೋನಿದ್ದೆ ಕಣಣ್ಣ. ಇವತ್ತಿಗೆ ಹನ್ನೊಂದು ದಿನ. ಒಂದೂ ಮುಟ್ಟಿಲ್ಲ. ಬೆಳಿಗ್ಗೆ ಕೆಲ್ಸಕ್ಕೆ ಮುಂಚೆ ಕಾರಲ್ಲಿ ಕೂತ್ಕೊಂಡು ಯೇಸಪ್ಪನ ಹತ್ರ ಒಂದೇ ಮಾತು ಕೇಳ್ತೀನಿ. ದೇವದಾಸಣ್ಣಂಗೆ ಕೊಟ್ಯಲ್ಲ, ನಂಗೂ ಕೊಡು ಅಂತ. ಆಮೇಲೆ ಒಳಗೆ ಎಲ್ಲ ತಣ್ಣಗಾಗೋಗುತ್ತೆ. ರೇಡಿಯೋ ಬ್ಯಾಡ, ಮಾತು ಬ್ಯಾಡ. ಸುಮ್ನೆ ಕೂತಿರ್ತೀನಿ. ಹುಟ್ಟಿದಾಗಿಂದ ಅಂಥ ನೆಮ್ಮದಿ ಕಂಡಿರ್ಲಿಲ್ಲ.”

ಮೂರು ತಲೆಮಾರಿನ ಕ್ರೈಸ್ತನಿಗೆ ಹೊಟ್ಟೆಯುರಿಯಿತು. ಐವತ್ತೆರಡು ವರ್ಷ ಹಾಡು ಹಾಡಿದ ತನಗೆ ಒಂದು ದಿನವೂ ಸಿಗದ ಶಾಂತಿ ಇವನಿಗೆ ಹನ್ನೊಂದು ದಿನದಲ್ಲಿ ಸಿಕ್ಕಿತ್ತು. ಅಲ್ಲಿಗೆ ಬಾಯಿ ಮುಚ್ಚಿಕೊಂಡು ಎದ್ದು ಬರಬೇಕಿತ್ತು. ಸತ್ಯ ಹೇಳುವುದಕ್ಕೂ ಹೊತ್ತುಗೊತ್ತು ಬೇಡವೇ? ಆದರೆ ಹೇಳಲೆಂದು ಬಂದವನು, ಎದೆಯ ಭಾರ ಇಳಿಸಿಕೊಳ್ಳುವ ಆತುರ ಬೇರೆ.

“ಕೆಂಪರಾಜು, ನಾನು ಬಿಟ್ಟಿಲ್ಲ. ಸಾಕ್ಷಿ ಹೇಳಿ ಮೂರು ದಿನದಲ್ಲೇ ಮತ್ತೆ ಹಿಡಿದೆ.”

ಕೆಂಪರಾಜು ನಕ್ಕ. “ಸುಮ್ನಿರಿ ಅಣ್ಣ. ನಂಗೆ ಜಂಬ ಬಂದೀತು ಅಂತ ಪರೀಕ್ಷೆ ಮಾಡ್ತಿದ್ದೀರ.”

“ದೇವರಾಣೆ.”

“ಎಲ್ಲಾದ್ರೂ ಉಂಟಾ? ಅಷ್ಟು ಜನದ ಮುಂದೆ, ದೇವ್ರ ಹೆಸ್ರಲ್ಲಿ ಹೇಳಿದ ಮಾತು ಸುಳ್ಳಾಗುತ್ತಾ?”

ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಕೊನೆಗೆ ದೇವದಾಸ ಕಾರಿನ ತನಕ ಹೋಗಿ, ಡಿಕ್ಕಿ ತೆಗೆದು, ಜಾಕೆಟ್ಟಿನಿಂದ ಪ್ಯಾಕೂ ಬೆಂಕಿಪೊಟ್ಟಣವೂ ತಂದ. ಅವನ ಕಣ್ಣೆದುರೇ ಒಂದನ್ನು ಹಚ್ಚಿ ಎಳೆದ. ನಾಚಿಕೆಯಿಂದ ಸಾಯುವಂತಾಗಿದ್ದರೂ, ಹಾಳು ಹೊಗೆ ಎದೆಗಿಳಿದಾಗ ಹಿತವೇ ಆಯಿತು.

ಕೆಂಪರಾಜು ನೋಡುತ್ತಲೇ ಇದ್ದ. ಮುಖದ ನಗು ಮೆಲ್ಲಗೆ ಆರಿಹೋಯಿತು. “ಹಂಗಾದ್ರೆ ದಿನಾ ಯೇಸಪ್ಪನ ಹತ್ರ ನಾನು ಕೇಳ್ತಿದ್ದಿದ್ದು ಏನು?” ಎಂದ.

“ನಿನ್ನದು ನಿಜವಾದದ್ದು ಮಾರಾಯ. ಸುಳ್ಳು ನನ್ನದು ಮಾತ್ರ. ನಿನಗೆ ಸಿಕ್ಕಿದ್ದು ಸಿಕ್ಕಿದ್ದೇ.”

“ನಿಮ್ಮ ತಾತನ ಕಾಲದಿಂದ ಚರ್ಚಲ್ಲೇ ಬೆಳೆದೋರು ನೀವು. ನಿಮ್ಗೇ ಆಗ್ನಿಲ್ಲ ಅಂದ್ರೆ, ನಿನ್ನೆ ಮೊನ್ನೆ ಬಂದ ನಂಗೆ ಎಲ್ಲಾಗುತ್ತೆ ಬುಡಿ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಕೈ ಚಾಚಿ, “ಒಂದು ಕೊಡಿ,” ಎಂದ.

“ಬೇಡ. ನಿನ್ನ ಕಾಲಿಗೆ ಬೀಳ್ತೇನೆ, ಬೇಡ.”

ಕೆಂಪರಾಜು ತಾನೇ ದೇವದಾಸನ ಕೈಯಿಂದ ಪ್ಯಾಕನ್ನೂ ಬೆಂಕಿಪೊಟ್ಟಣವನ್ನೂ ತೆಗೆದುಕೊಂಡ. ಒಂದನ್ನು ತುಟಿಗಿಟ್ಟು ಬೆಂಕಿಕಡ್ಡಿ ಗೀರಿದ, ಮುರಿಯಿತು. ಇನ್ನೊಂದೂ ಮುರಿಯಿತು. ಮೂರನೆಯದನ್ನು ದೇವದಾಸನೇ ಗೀರಿಕೊಟ್ಟ.