ಎರಡು ಬೆರಳಿನ ಸಡಿಲ

ದೇವದುರ್ಗದಿಂದ ಮಾನ್ವಿಗೆ ಹೊರಟ ಬೆಳಗಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟೇನೋ ಸಿಕ್ಕಿತು, ಗಾಜು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಆಗಸ್ಟಿನ ಮೋಡ ವಾರದಿಂದ ಹಾಗೇ ಕವಿದಿತ್ತು. ಮಳೆಯೂ ಇಲ್ಲ, ಬಿಸಿಲೂ ಇಲ್ಲ, ಬರೀ ಧಗೆ. ಹೆಂಗಸರಿಗೆ ಪ್ರಯಾಣ ಪುಕ್ಕಟೆ. ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟು, "ಮೇಡಮ್ಮೋರ, ಇವತ್ತು ಕಾಲೇಜ್ ಇಲ್ಲೇನ್ರಿ?" ಎಂದ. ನಾನು ಪಾಠ ಹೇಳುವವಳೆಂದು ಅವನಿಗೆ ಗೊತ್ತು. ರಜೆ ಹಾಕಿದ್ದೇನೆ ಎಂದೆ.

ಒಂದೂವರೆ ತಾಸಿನ ದಾರಿ. ಮಾನ್ವಿಯ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಚಿಗವ್ವ ಆಗಲೇ ಬಂದು ಕೂತಿದ್ದಳು. ಚಿಗವ್ವ ಎಂದರೆ ನನ್ನ ಅವ್ವನ ತಂಗಿ ದುರುಗಮ್ಮ. ಪಕ್ಕದ ಹಳ್ಳಿಯವಳು, ಕಾಲುವೆ ಗದ್ದೆಗಳಲ್ಲಿ ಭತ್ತದ ಸಸಿ ನಾಟುವ ಹೆಂಗಸರ ಗುಂಪಿಗೆ ಮುಂದಾಳು. ಅವಳ ಬಲಸೊಂಟದಲ್ಲಿ ವರ್ಷದಿಂದ ಮಾಯದ ಹುಣ್ಣು. ದಿನವಿಡೀ ಕೆಸರಲ್ಲಿ ಬಗ್ಗುವ ಈ ಹೆಂಗಸರು ಸೀರೆ ಮೇಲೆತ್ತಿ ಕಟ್ಟಿ, ಲಂಗದ ಲಾಡಿಯನ್ನು ಉಸಿರು ಹಿಡಿದು ಬಿಗಿಯುತ್ತಾರೆ. ಎಲೆಯಡಿಕೆಯ ಸಂಚಿಯನ್ನೂ ಅಲ್ಲಿಗೇ ಸಿಕ್ಕಿಸುತ್ತಾರೆ. ಬಿಗಿದಷ್ಟೂ ನಡ ನೋಯುವುದಿಲ್ಲವೆಂದು ಅವರ ನಂಬಿಕೆ. ಹುಣ್ಣಾದಾಗ ಚಿಗವ್ವ ಸಂಚಿಯ ಸುಣ್ಣವನ್ನೇ ಅದಕ್ಕೆ ಹಚ್ಚಿದಳು. ಉರಿದರೆ ಒಣಗುತ್ತದೆಂದು ಮತ್ತೆ ಮತ್ತೆ ಹಚ್ಚಿದಳು. ಹೋದ ತಿಂಗಳು ಅವಳ ಸೀರೆಗೆ ರಕ್ತ ಹತ್ತಿದ್ದು ನನ್ನ ಕಣ್ಣಿಗೆ ಬಿದ್ದ ಮೇಲೆ ರಾಯಚೂರಿಗೆ ಎಳೆದುಕೊಂಡು ಹೋಗಿದ್ದೆ. ಅಲ್ಲಿ ಹುಣ್ಣಿನ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಇವತ್ತು ಫಲಿತಾಂಶ ತಿಳಿಯುವುದಿತ್ತು.

"ನೀ ಇಲ್ಲಂತ ನಿನ್ನ ಕಾಲೇಜ್ ಹುಡುಗರು ಇವತ್ತು ಆರಾಮ ಅದಾರ ಬಿಡು" ಎಂದು ನನ್ನನ್ನು ಕಿಚಾಯಿಸಿದಳು. ನಗು ಮಾತ್ರ ಅವಳ ಮುಖಕ್ಕೆ ಬರಲಿಲ್ಲ.

ರಾಯಚೂರಿನ ಬಸ್ಸು ಕಲ್ಮಲದ ಕಡೆ ಓಡುತ್ತಿದ್ದಾಗ ರಸ್ತೆಯಾಚೆ ನಾಟಿ ನಡೆದಿತ್ತು. "ಸಾಲು ಸೊಟ್ಟ ಹೊಂಟಾದ ನೋಡು, ಮುಂದ ಯಾರೂ ಇಲ್ಲೇನು ಹೇಳಾಕ?" ಎಂದು ಸಿಡುಕಿದಳು. ಆಮೇಲೆ ನನ್ನ ಕೈ ಹಿಡಿದಳು. "ಡಾಕ್ಟರ್ ಏನ ಅನ್ಲಿ, ನಮ್ಮ ಹೆಣಮಕ್ಕಳ ಮುಂದ ಹೇಳಬ್ಯಾಡ. ಅಂಟುಜಡ್ಡು ಅಂತಾರ. ನನ್ನ ಕೈಯಾಗಿನ ಎಲಿ ಸೈತ ತಗಳಂಗಿಲ್ಲ." ನಾನು ಆಗಲಿ ಎಂದೆ.

ರಾಯಚೂರಿನಲ್ಲಿ ಇಳಿದು ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ತರಿಸಿದೆ. ಚಿಗವ್ವ ಒಂದು ಮಿರ್ಚಿ ಮುರಿದು, ಅದನ್ನೇ ನೋಡುತ್ತ ಕೂತು, ತಟ್ಟೆ ನನ್ನ ಕಡೆ ಸರಿಸಿದಳು. ದವಾಖಾನೆಯ ಬೆಂಚಿನ ಮೇಲೆ ನಮ್ಮ ಪಾಳಿ ಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು.

"ಚರ್ಮದ ಕ್ಯಾನ್ಸರ್ ಅದ ಯವ್ವಾ" ಎಂದರು ಡಾಕ್ಟರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ದನಿ ಮೆತ್ತಗಿತ್ತು. "ಕಪ್ಪು ಮಚ್ಚಿಯಿಂದ ಬರತದಲ್ಲ, ಆ ಕೆಟ್ಟ ಜಾತೀದಲ್ಲ. ಲಗೂನ ಬಂದ್ರ ಬಹಳ ಮಂದಿಗಿ ಪೂರಾ ವಾಸಿ ಆಗತದ."

ಲಗೂನ, ಅಂದರೆ ಬೇಗ. ನಮಗಾಗಲೇ ವರ್ಷ ಕಳೆದಿತ್ತು. ಮೇಲ್ಪದರದಲ್ಲೇ ಇದ್ದರೆ ಕೊರೆಯುವ ತಣ್ಣನೆಯ ದ್ರವ ಹಾಕಿ ಕೊಲ್ಲುತ್ತಾರಂತೆ, ಇಲ್ಲವೇ ಕೆರೆದು ತೆಗೆಯುತ್ತಾರಂತೆ. ಕೆಲವಕ್ಕೆ ಮುಲಾಮೇ ಸಾಕಂತೆ. ಮುಲಾಮು ಎಂದಾಗ ಚಿಗವ್ವ ತಲೆ ಎತ್ತಿದಳು. ಆದರೆ ಅವಳದು ಆಳಕ್ಕಿಳಿದಿತ್ತು. ಸುತ್ತಲಿನ ಒಳ್ಳೆಯ ಚರ್ಮವನ್ನೂ ಸೇರಿಸಿ ಕೊಯ್ದು, ತೊಡೆಯ ಚರ್ಮದಿಂದ ತೇಪೆ ಹಾಕಬೇಕಿತ್ತು.

"ಕರೆಂಟ್ ಕೊಟ್ಟುಬಿಡ್ರಿ" ಎಂದಳು ಚಿಗವ್ವ. ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ ಹಾಗೆನ್ನುತ್ತಾರೆ. "ಚಾಕು ತಾಗಿದ್ರ ಮೈತುಂಬ ಹಬ್ಬತದಂತ."

"ಚಾಕುಲಿಂದ ಹಬ್ಬಂಗಿಲ್ಲ, ಬಿಟ್ರ ಹಬ್ಬತದ. ಆಪರೇಷನ್ ತಡಕೊಳ್ಳದವರಿಗಿ ಕರೆಂಟ್ ಕೊಡ್ತೀವಿ, ಅದಕ್ಕ ವಾರಗಟ್ಲೆ ಬರಬೇಕು. ನಿಮಗ ಕೊಯ್ಯೋದೇ ಚಲೋ." ಹಾಗೆನ್ನುತ್ತ ಡಾಕ್ಟರು ಅವಳ ತೊಡೆಸಂದಿಯನ್ನು ಒತ್ತಿ ನೋಡುತ್ತಿದ್ದರು. ಒಂದು ಕಡೆ ಬೆರಳು ನಿಂತಿತು. "ಇಲ್ಲೊಂದು ಗಂಟು ಅದ. ಸೂಜಿ ಹಾಕಿ ನೋಡ್ಬೇಕು. ಜಡ್ಡು ಅಲ್ಲಿಗೂ ಹೋಗಿದ್ರ ಅದನ್ನೂ ತೆಗದು, ಮ್ಯಾಲ ಕರೆಂಟೂ ಬೇಕಾಗಬಹುದು."

ಇದು ಅಂಟುತ್ತದೆಯೇ ಎಂದು ನಾನೇ ಕೇಳಿದೆ. ಅಂಟುವುದಿಲ್ಲ ಎಂದರು. ಚಿಗವ್ವ ಕೇಳಿದ್ದು ಒಂದೇ. "ಸೀರಿ ಉಡಬಹುದೇನ್ರಿ?"

"ಬಿಗಿಯಂಗಿಲ್ಲ ಯವ್ವಾ. ಯಾರೂ ಬಿಗಿಬಾರದು. ಲಾಡಿ ಒಳಗ ಎರಡು ಬೆರಳು ಸರಾಗ ಹೋಗಬೇಕು. ವರ್ಷಗಟ್ಲೆ ಒಂದೇ ಕಡಿ ತಿಕ್ಕಿ ತಿಕ್ಕಿನ ನಿಮಗ ಇದು ಬಂದದ."

"ಯಾರೂ?" ಎಂದಳು ಚಿಗವ್ವ, ಡಾಕ್ಟರ ಮಾತನ್ನೇ ಹಿಡಿದು.

ಸೂಜಿ ಪರೀಕ್ಷೆ ಮುಗಿಸಿ ಮಾನ್ವಿಯ ಬಸ್ಸು ಹತ್ತಿದೆವು. ಗಂಟಿನ ವಿಷಯ ಮುಂದಿನ ವಾರ ತಿಳಿಯುತ್ತದೆ. ವಾಪಸು ದಾರಿಯಲ್ಲಿ ಅವಳು ಗದ್ದೆಗಳ ಕಡೆ ಕಣ್ಣೆತ್ತಲಿಲ್ಲ. ಕಲ್ಮಲ ದಾಟಿದ ಮೇಲೆ, "ಕೊಯ್ಲಿ ಬಿಡು" ಎಂದಳು. ನನಗೆ ಅಳು ಬಂತು. ಕಿಟಕಿಯ ಕಡೆ ತಿರುಗಿ ಅತ್ತೆ.

ಮಾನ್ವಿಯಲ್ಲಿ ನನ್ನ ದೇವದುರ್ಗದ ಬಸ್ಸು ನಿಂತಿತ್ತು. ಅಷ್ಟರಲ್ಲಿ ಚಿಗವ್ವನ ಗುಂಪಿನ ಹೆಂಗಸರು ಕೆಸರುಗಾಲಲ್ಲೇ ಟಂಟಂ ಆಟೋದಿಂದ ಇಳಿದು ನಮ್ಮ ಹತ್ತಿರ ಬಂದರು. "ಏನಂದ್ರು ದುರುಗಕ್ಕಾ?" ಎಂದು ಒಬ್ಬಳು ಸಂಚಿ ಬಿಚ್ಚಿದಳು. ಮುಲಾಮು ಕೊಟ್ಟಿದ್ದಾರೆ ಎನ್ನಲು ನಾನು ಬಾಯಿ ತೆರೆದೆ. ಚಿಗವ್ವ ಕೈ ಅಡ್ಡ ಹಿಡಿದಳು. ಈ ವರ್ಷವೇ ಗುಂಪಿಗೆ ಸೇರಿದ ಶಂಕ್ರಮ್ಮನನ್ನು ಹತ್ತಿರ ಕರೆದು, ಅವಳ ಲಾಡಿಯೊಳಗೆ ಬೆರಳು ತೂರಿಸಲು ನೋಡಿದಳು. ಒಂದು ಬೆರಳೂ ಹೋಗಲಿಲ್ಲ.

"ಸಡಿಲ ಬಿಡು ಇದನ್ನ."

ಶಂಕ್ರಮ್ಮ ಕಚಗುಳಿಗೆ ನಕ್ಕಳು. "ಸಡಿಲ ಬಿಟ್ರ ನಡ ಮುರೀತದಂತ ನೀನಾ ಹೇಳಿದ್ದಿ! ಮೊದಲ್ನೇ ದಿನ ನೀನಾ ಬಿಗಿದು ಕಟ್ಟಿದ್ದಿ!"

ಚಿಗವ್ವ ಅವರನ್ನೆಲ್ಲ ಗೋಡೆಯ ಮರೆಗೆ ಕರೆದೊಯ್ದಳು. ನನ್ನ ಬಸ್ಸು ಹಾರ್ನ್ ಹಾಕಿತು. ಹತ್ತಿ ಕಿಟಕಿಯಿಂದ ತಿರುಗಿ ನೋಡಿದೆ. ಅವಳು ಬೆನ್ನು ಹಾಕಿ ನಿಂತು, ಸೆರಗು ಸರಿಸಿ, ಹುಣ್ಣಿನ ಮೇಲಿನ ಪಟ್ಟಿ ಬಿಚ್ಚಿ ತೋರಿಸುತ್ತಿದ್ದಳು. ಶಂಕ್ರಮ್ಮನ ನಗು ನಿಂತಿತ್ತು. ಯಾರೂ ಎಲೆ ಮಡಚುತ್ತಿರಲಿಲ್ಲ. ಬಸ್ಸು ತಿರುವಿಗೆ ಬಂದಾಗಲೂ ಆ ಹೆಂಗಸರು ಅಲ್ಲೇ ನಿಂತು, ಒಬ್ಬೊಬ್ಬರಾಗಿ ತಮ್ಮ ತಮ್ಮ ಸೊಂಟದ ಲಾಡಿಯ ಗಂಟನ್ನು ತಡವುತ್ತಿದ್ದರು.